ಪೂಜೆಯಾದ ಕಂಪ್ಯೂಟರ್ ಏಳಲೇ ಇಲ್ಲ

ವಿಜಯದಶಮಿಯ ಬೆಳಿಗ್ಗೆ ಎಲ್ಲರ ಮನೆಯಲ್ಲಿ ಮಕ್ಕಳು ಪುಸ್ತಕ ತೆರೆಯುತ್ತಾರೆ. ನಮ್ಮ ಮನೆಯಲ್ಲಿ ಮಗಳು ಶ್ರಾವ್ಯ ಕಂಪ್ಯೂಟರ್ ತೆರೆಯಲು ಕೂತಳು. ಅದು ತೆರೆಯಲಿಲ್ಲ.

ಹಿಂದಿನ ದಿನವಷ್ಟೇ ಅದಕ್ಕೆ ಆಯುಧಪೂಜೆಯಾಗಿತ್ತು. ಆ ದಿನ ನಾನು ಯಾರನ್ನೂ ಬಿಡುವವಳಲ್ಲ. ಸ್ಕೂಟರ್, ಮಿಕ್ಸಿ, ಹುಲ್ಲು ಕತ್ತರಿಸುವ ಮೆಷಿನ್, ತುರಿಮಣೆ, ಎಲ್ಲಕ್ಕೂ ಗಂಧ, ಕುಂಕುಮ, ಒಂದೊಂದು ಹೂ. ಕಂಪ್ಯೂಟರಿನ ಡಬ್ಬಿಗೆ (ಸಿಪಿಯು ಎನ್ನಬೇಕಂತೆ) ಸೇವಂತಿಗೆಯ ಮಾಲೆಯೇ ಬಿತ್ತು. ನನ್ನ ಭಜನೆಗಳಿರುವ ಪುಟ್ಟ ಪೆನ್‌ಡ್ರೈವ್ ಮಾತ್ರ ಮೇಜಿನ ಮೇಲೆ ಒಂಟಿಯಾಗಿತ್ತು. ಉಗುರಿನಷ್ಟಿದೆ, ಗಂಧ ಹಚ್ಚುವುದೆಲ್ಲಿಗೆ? ಡಬ್ಬಿಯ ಮುಂದಿನ ತೂತಿಗೆ ಚುಚ್ಚಿ, ಮೇಲೆ ಮಾಲೆ ಇಳಿಬಿಟ್ಟೆ. ಒಟ್ಟಿಗೆ ಆರತಿಯಾಯಿತು. ಅದಕ್ಕೂ ಪೂಜೆ ಸಂದಿತು, ನನಗೂ ಕಳೆದುಹೋಗುವ ಭಯ ತಪ್ಪಿತು.

ಈಗ ನೋಡಿದರೆ ಕಪ್ಪು ಪರದೆ. ಅದರ ಮೇಲೆ ಎರಡು ಸಾಲು ಬಿಳಿ ಅಕ್ಷರ.

"ಎಂತ ಹೇಳ್ತದೆ?" ಎಂದೆ.

"ಆಪರೇಟಿಂಗ್ ಸಿಸ್ಟಮ್ ಸಿಗುದಿಲ್ಲ ಅಂತೆ. ಡಿಸ್ಕ್ ಇದ್ರೆ ತೆಗೀರಿ, ಮತ್ತೆ ಯಾವುದಾದ್ರೂ ಕೀ ಒತ್ತಿ ಅಂತ."

"ಹಾಗಾದ್ರೆ ತೆಗಿ."

"ಎಂತದ್ದು ತೆಗಿಯುದು ಅಮ್ಮ? ಸಿಡಿ ಹಾಕುವ ಬಾಯಿ ಹಾಳಾಗಿ ಎಷ್ಟು ಸಮಯ ಆಯ್ತು. ಅದರಲ್ಲಿ ಎಂತ ಉಂಟು?"

ಕೀ ಒತ್ತಿದಳು. ಅವೇ ಎರಡು ಸಾಲು. ಆಫ್ ಮಾಡಿ ಆನ್ ಮಾಡಿದಳು. ಅವೇ ಎರಡು ಸಾಲು. ಮಾಲೆ ತೆಗೆದು ನೋಡುತ್ತೇನೆಂದಳು. ಪೂಜೆಯ ಹೂ ತೆಗೆಯುವುದು ಸಂಜೆ ದೀಪ ಹಚ್ಚಿದ ಮೇಲೆಯೇ ಎಂದು ನಾನು ಬಿಡಲಿಲ್ಲ.

ಯಜಮಾನರು ಬಂದರು. "ಮೊನ್ನೆ ತನಕ ಇದ್ದ ಸಿಸ್ಟಮ್ ಎಲ್ಲಿಗೆ ಹೋಗುದು? ನೀನು ತೀರ್ಥಗೀರ್ಥ ಚಿಮುಕಿಸಿದ್ದೀಯಾ?"

ಚಿಮುಕಿಸಿದ್ದೆ. ಹೂವಿನ ತುದಿಯಲ್ಲಿ, ಒಂದೆರಡು ಹನಿ. ಮಿಕ್ಸಿಗೂ ಚಿಮುಕಿಸಿದ್ದೆ. ಅದು ಬೆಳಿಗ್ಗೆ ಚಟ್ನಿ ಅರೆದು ಕೊಟ್ಟಿದೆಯಲ್ಲ?

ನನಗೆ ತಮಾಷೆ, ಶ್ರಾವ್ಯಳಿಗೆ ಪ್ರಾಣಸಂಕಟ. ಅವಳದು ಪುತ್ತೂರಿನಲ್ಲಿ ಎಂ.ಕಾಂ. ಕೊನೆಯ ವರ್ಷ. ಹಾಲಿನ ಸೊಸೈಟಿಗೆ ಹಾಲು ಹಾಕುವ ಹೆಂಗಸರ ಬಗ್ಗೆ ಪ್ರಾಜೆಕ್ಟ್. ಕಡಬದಿಂದ ನೆಟ್ಟಣದವರೆಗೆ ಮನೆ ಮನೆ ಹತ್ತಿ, ನಾಯಿಗಳಿಂದ ಓಡಿಸಿಕೊಂಡು ಬರೆದದ್ದು. ಅಷ್ಟೂ ಆ ಡಬ್ಬಿಯೊಳಗೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಕೊನೆಯ ಅಧ್ಯಾಯ ಟೈಪ್ ಮಾಡಿ ಆ ರಾತ್ರಿಯೊಳಗೆ ಮೇಡಮ್ಮಿಗೆ ಮೇಲ್ ಮಾಡಬೇಕಿತ್ತು. ಇಲ್ಲದಿದ್ದರೆ ಮಾರ್ಕಿಲ್ಲ.

ಅಷ್ಟರಲ್ಲಿ ಪಕ್ಕದ ರಬ್ಬರ್ ತೋಟದ ಮರಿಯಮ್ಮ ಚೇಚಿ (ಮಲಯಾಳದಲ್ಲಿ ಅಕ್ಕ) ಪಾಯಸದ ಪಾತ್ರೆ ಹಿಂದೆ ಕೊಡಲು ಬಂದರು. ನೋಡಿ, ತಲೆಯಾಡಿಸಿದರು.

"ನಮ್ಮಲ್ಲಿಯೂ ಹೀಗೇ ಆದದ್ದು. ಫಾರ್ಮ್ಯಾಟ್ ಮಾಡಿದ್ರು. ಮತ್ತೆ ಚಂದ ಓಡಿತು."

"ಒಳಗೆ ಇದ್ದದ್ದು?"

"ಅದು ಹೋಯ್ತು. ಮಗನ ಮದುವೆ ಫೋಟೋ ಸಮೇತ ಹೋಯ್ತು."

ಶ್ರಾವ್ಯಳ ಕಣ್ಣು ತುಂಬಿತು. ಚೇಚಿ ಗಾಬರಿಯಾಗಿ, "ಅಳಬೇಡ ಮೋಳೆ, ಅಳಬೇಡ ಮಗಳೇ. ನಾನು ಸಂತ ಅಂತೋಣಿಯವರಿಗೆ ಹೇಳ್ತೇನೆ. ಕಾಣೆಯಾದದ್ದನ್ನು ಹುಡುಕಿ ಕೊಡುವವರು ಅವರೇ" ಎಂದರು. ನಾನೂ ಸುಬ್ರಹ್ಮಣ್ಯನಿಗೆ ಹೇಳಿಕೊಂಡೆ. ಇಬ್ಬರಿಗೂ ಗೊತ್ತಾಗಿರಲಿ.

ಹಬ್ಬದ ದಿನ ಅಂಗಡಿ ಎಲ್ಲಿ? ಫೋನ್ ಮಾಡಿದಾಗ ಉಪ್ಪಿನಂಗಡಿಯಲ್ಲಿ ಒಂದು ತೆರೆದಿತ್ತು. ದೇವರ ದಯೆ. ಊರಿನಾಚೆ ಹೋಗುವಾಗ ಪೂಜೆಯ ಹೂ ರಸ್ತೆಗೆ ಬೀಳುವುದು ಬೇಡವೆಂದು ಮಾಲೆ ನಾನೇ ತೆಗೆದೆ. ಭಜನೆಯನ್ನು ಅಂಗಡಿಯವರ ಕೈಗೆ ಯಾಕೆ ಕೊಡುವುದು ಎಂದು ಪೆನ್‌ಡ್ರೈವನ್ನೂ ತೆಗೆದು ದೇವರ ಕೋಣೆಯಲ್ಲಿಟ್ಟೆ. ಡಬ್ಬಿಗೆ ಬೆಡ್‌ಶೀಟ್ ಸುತ್ತಿ ರಿಕ್ಷಾದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆವು.

ಅಂಗಡಿಯವನು ವಯರ್ ಸಿಕ್ಕಿಸಿ ಸ್ವಿಚ್ ಒತ್ತಿದ. ನೀಲಿ ಬೆಳಕು, ಸಂಗೀತ, ಎಲ್ಲ ಬಂತು.

"ಇದಕ್ಕೆ ಎಂತ ಆಗಿದೆ ಅಕ್ಕ?"

"ಓಪನ್ ಆಗುದಿಲ್ಲ."

"ಆಗಿದೆಯಲ್ಲ ಮಾರಾಯ್ರೆ."

ಹೌದು, ಆಗಿತ್ತು. ಇನ್ನೆರಡು ಸಲ ಆಫ್ ಮಾಡಿ ತೋರಿಸಿದ. ಎರಡು ಸಲವೂ ಎದ್ದಿತು. "ವಯರ್ ಲೂಸ್ ಇರಬೇಕು, ಹೋಗಿ" ಎಂದು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ದಾರಿಯುದ್ದಕ್ಕೂ ತಾಯಿ ಮಗಳು ನಗುತ್ತ ಬಂದೆವು.

ಮನೆಯಲ್ಲಿ ಶ್ರಾವ್ಯ ಮೇಜಿನ ಹಿಂದೆ ಬಗ್ಗಿ ವಯರ್ ಜೋಡಿಸುತ್ತಿದ್ದಾಗ ನಾನು ಮುಂದಿನಿಂದ ಎಲ್ಲವನ್ನೂ ಇದ್ದ ಹಾಗೆ ಇಟ್ಟೆ. ಮಾಲೆ ಸಮೇತ. ಅವಳು ಸ್ವಿಚ್ ಒತ್ತಿದಳು.

ಎರಡು ಸಾಲು ಬಿಳಿ ಅಕ್ಷರ.

ಉಪ್ಪಿನಂಗಡಿಯಲ್ಲಿ ಏಳುವುದು, ನಮ್ಮಲ್ಲಿ ಏಳದಿರುವುದು, ಇದೆಂಥ ಕಾಯಿಲೆ? ಯಜಮಾನರು ಅರ್ಥಿಂಗ್ ಸರಿ ಇಲ್ಲ ಎಂದರು. ಅಂಗಡಿಯಲ್ಲಿ ಅದು ಪೂರ್ವಕ್ಕೆ ಮುಖ ಮಾಡಿತ್ತು ಎಂದು ನನಗೆ ನೆನಪಾಯಿತು. (ನಗಬೇಡಿ, ಮೂವರೂ ಸೇರಿ ಮೇಜನ್ನು ಪೂರ್ವಕ್ಕೆ ತಿರುಗಿಸಿದೆವು.) ಅದು ಪೂರ್ವಕ್ಕೆ ಮುಖ ಮಾಡಿ ಅದನ್ನೇ ಹೇಳಿತು. ಶ್ರಾವ್ಯ ಮೇಜಿನ ಪಕ್ಕದ ಗೋಡೆಗೆ ಒರಗಿ ಕೂತಳು. ಫಾರ್ಮ್ಯಾಟ್ ಮಾಡಿಸದೆ ಬೇರೆ ದಾರಿ ಇಲ್ಲ ಎಂದು ಯಜಮಾನರು ಮೆಲ್ಲಗೆ ಹೇಳಿದರು.

ಮುಚ್ಚಂಜೆಯಾಯಿತು. ದೀಪ ಹಚ್ಚಿದೆ. ಕಂಪ್ಯೂಟರ್ ಏಳಲಿಲ್ಲವೆಂದು ದೇವರಿಗೆ ಹಾಡು ತಪ್ಪಿಸುವುದೇ? ದೇವರ ಕೋಣೆಯ ಪುಟ್ಟ ಸ್ಪೀಕರಿಗೆ ಹಾಕೋಣವೆಂದು ಮಾಲೆಯಡಿಯಿಂದ ಪೆನ್‌ಡ್ರೈವ್ ಎಳೆದೆ. ಅದೇ ಹೊತ್ತಿಗೆ ಶ್ರಾವ್ಯ ಕೂತಲ್ಲಿಂದಲೇ, ಸುಮ್ಮನೆ, ಇನ್ನೊಮ್ಮೆ ಸ್ವಿಚ್ ಒತ್ತಿದಳು.

ನೀಲಿ ಬೆಳಕು. ಸಂಗೀತ.

ಅವಳು ಪರದೆ ನೋಡಿದಳು. ಮತ್ತೆ ನನ್ನ ಮುಷ್ಟಿ ನೋಡಿದಳು.

"ಅಮ್ಮ, ಕೈಯಲ್ಲಿ ಎಂತ?"

"ಭಜನೆ."

"ಅದು ಎಲ್ಲಿತ್ತು?"

"ಅಲ್ಲೇ. ನಿನ್ನೆ ಪೂಜೆಗೆ ಹಾಕಿದ್ದು."

"ಉಪ್ಪಿನಂಗಡಿಗೆ ಹೋಗುವಾಗ?"

"ತೆಗೆದಿಟ್ಟಿದ್ದೆ. ಬಂದ ಮೇಲೆ ಪುನಃ ಹಾಕಿದೆ."

ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಆಮೇಲೆ ವಿವರಿಸಿದಳು. ಯಾವಾಗಲೂ ನಾವು ಕಂಪ್ಯೂಟರ್ ಎದ್ದ ಮೇಲೆ ಪೆನ್‌ಡ್ರೈವ್ ಹಾಕುತ್ತಿದ್ದೆವು. ಈ ಸಲ ಏಳುವ ಮೊದಲೇ ಇತ್ತು. ನಮ್ಮ ಡಬ್ಬಿ ತನ್ನನ್ನು ಎಬ್ಬಿಸುವ ಸಿಸ್ಟಮ್ಮನ್ನು ಮೊದಲು ಹುಡುಕುವುದು ಪೆನ್‌ಡ್ರೈವಿನೊಳಗೆ. ಅಲ್ಲಿ ಸಿಕ್ಕಿದ್ದು ಬರೀ ಭಜನೆ. ಅಲ್ಲಿಗೇ ನಿಂತುಬಿಟ್ಟಿತು. ತೆಗೀರಿ, ತೆಗೀರಿ ಎಂದು ಪಾಪ ಬೆಳಿಗ್ಗೆಯಿಂದ ಹೇಳುತ್ತಲೇ ಇತ್ತು.

ಪ್ರಾಜೆಕ್ಟಿನ ಒಂದಕ್ಷರವೂ ಹೋಗಿರಲಿಲ್ಲ. ಕೊನೆಯ ಅಧ್ಯಾಯ ಮುಗಿಸಿ, ಮೇಲ್ ಮಾಡಿಯೇ ಅವಳು ಊಟಕ್ಕೆ ಎದ್ದಳು. ಅಷ್ಟು ಹೊತ್ತೂ ಕರೆಂಟ್ ಹೋಗಲಿಲ್ಲ, ಅದು ಬೇರೆ ಉಪಕಾರ. "ಅಂತೋಣಿಯವರು ಹುಡುಕಿ ಕೊಟ್ರಲ್ಲ?" ಎಂದು ಚೇಚಿ ಫೋನ್ ಮಾಡಿದರು. ಅವರಿಗೆ ಸಂಶಯವೇ ಇಲ್ಲ.

ನನಗಿದೆ. ಭಜನೆ ಒಳಗಿದ್ದದ್ದಕ್ಕೇ ಅದು ನಿಂತಿತು, ಭಜನೆಗೆ ಹೊತ್ತಾಯಿತೆಂದು ತೆಗೆದದ್ದಕ್ಕೇ ಎದ್ದಿತು. ಹಾಗಾದರೆ ಸುಬ್ರಹ್ಮಣ್ಯನ ಮುಂದೆ ನಿಂತು ನಾನು ಹೇಳಬೇಕಾದದ್ದು ತಪ್ಪಾಯಿತು ಎಂದೋ, ಉಪಕಾರವಾಯಿತು ಎಂದೋ?