ಕವಡೆಯ ಬೆನ್ನು

ಮಸಗುಪ್ಪಿಯಲ್ಲಿ ಶೆಟ್ಟೆವ್ವನ ಮನೆಯನ್ನು ಹುಡುಕಬೇಕಾಗಿಲ್ಲ. ಹೊಸ್ತಿಲ ಬದಿಯ ಕಲ್ಲಿಗೆ ಅವಳು ಕವಡೆ ತಿಕ್ಕುವ ಕರಕರ ಸಪ್ಪಳ ಓಣಿಯ ತುದಿಗೇ ಕೇಳಿಸುತ್ತದೆ. ಎತ್ತುಗಳಿಗೆ ಕವಡೆಯ ಕೊರಳಪಟ್ಟಿ ಹೊಲಿಯುವುದು ಅವಳ ಕೆಲಸ. ಈಗ ಎತ್ತು ಕಡಿಮೆ. ಟ್ರ್ಯಾಕ್ಟರಿನ ಮೂತಿಗೂ ಹೊಲಿದುಕೊಡುತ್ತಾಳೆ.

ಕವಡೆಯ ಬೆನ್ನು ಉಬ್ಬಾಗಿರುತ್ತದೆ. ಹಾಗೇ ಹೊಲಿದರೆ ಹೊರಳುತ್ತದೆ. ಅದಕ್ಕೆ ಬೆನ್ನನ್ನು ತಿಕ್ಕಿ ತೆಗೆದು, ಹಲ್ಲಿರುವ ಬಾಯಿ ಮೇಲೆ ಬರುವಂತೆ ಹೊಲಿಯಬೇಕು. ಶೆಟ್ಟೆವ್ವನ ಪಾಲಿಗೆ ಕವಡೆ ಎಂದರೆ ಬಾಯಿ. ಬೆನ್ನು ಬರೀ ಪುಡಿ.

ಮಗಳು ಸರಿತಾ ಗೋವಾದಲ್ಲಿ ತಾನೇ ಮೆಚ್ಚಿದವನನ್ನು ಮದುವೆಯಾದಾಗ, "ಈ ಹೊಸ್ತಲಾ ತುಳೀಬ್ಯಾಡ" ಎಂದಿದ್ದಳು ಶೆಟ್ಟೆವ್ವ. ಆ ಮಾತನ್ನು ಹಿಂದಕ್ಕೆ ಪಡೆಯುವ ದಾರಿ ಆಮೇಲೆ ಅವಳಿಗೆ ತಿಳಿಯಲಿಲ್ಲ. ಈ ಬೇಸಿಗೆಯಲ್ಲಿ ಸರಿತಾ ತಾನಾಗಿಯೇ ಮಗಳು ಕಾಜಲ್‌ಳನ್ನು ಕರೆದುಕೊಂಡು ಬಂದಳು. ಅಜ್ಜಿಯನ್ನು ಮೊದಲ ಸಲ ಕಂಡ ಹುಡುಗಿ ಮುಷ್ಟಿ ಬಿಚ್ಚಿತು. ಒಳಗೊಂದು ಕಂದು ಬಣ್ಣದ ಕವಡೆ, ಬೆನ್ನ ತುಂಬ ಬಿಳಿ ಚುಕ್ಕಿ.

"ಆಯಿ, ಇದು ನಿನಗ. ಸಮುದ್ರದ ದಂಡ್ಯಾಗ ನಾನ ಆರಿಸಿದ್ದು."

"ಅಯ್ಯ ನನ್ನ ಬಂಗಾರ! ಎಣ್ಣಿ ಹಚ್ಚಿ ತಂದೀಯೇನ?"

"ಇಲ್ಲ. ಒಳಗಿನ ಹುಳ ತನ್ನ ಮೈ ಹೊರಗ ಚಾಚಿ ಬೆನ್ನಿಗೆ ಹೊಚ್ಚತೈತಿ. ಅದಕ್ಕ ಹೊಳಿತೈತಿ. ಪಪ್ಪಾ ಹೇಳ್ಯಾರ."

"ನಿಮ್ಮಪ್ಪಗ ಹುಳದ ಸಂಸಾರಾನೂ ಗೊತ್ತೈತಿ ಅನ್ನು!"

ಶೆಟ್ಟೆವ್ವನ ಬಾಯಲ್ಲಿ ಅಳಿಯನ ಸುದ್ದಿ ಬಂದದ್ದು ಅದೇ ಮೊದಲು. ಸರಿತಾಳೂ ನಕ್ಕಳು.

ಮಧ್ಯಾಹ್ನ ತಾಯಿ ಮಗಳು ಮಲಗಿದಾಗ ಶೆಟ್ಟೆವ್ವ ಗೂಟದಿಂದ ಒಂದು ಪಟ್ಟಿ ಇಳಿಸಿದಳು. ಅದು ಅವಳ ಮನೆಯ ಕೊನೆಯ ಎತ್ತಿನದು. ಎಷ್ಟು ಜನ ಕೇಳಿದರೂ ಕೊಟ್ಟಿರಲಿಲ್ಲ. ಅದರ ನಡುವಿನ ಕವಡೆ ಬಿಚ್ಚಿ, ಮೊಮ್ಮಗಳು ತಂದದ್ದನ್ನು ಚೆನ್ನಾಗಿ ತಿಕ್ಕಿ ಅಲ್ಲಿ ಹೊಲಿದಳು. ಅದಕ್ಕಿಂತ ದೊಡ್ಡ ಜಾಗ ಅವಳಿಗೆ ಗೊತ್ತಿರಲಿಲ್ಲ.

"ಏಳವಾ, ನೋಡ. ನಿನ್ನ ಕವಡಿ ನಟ್ಟನಡುವ ಕುಂತೈತಿ!"

ಕಾಜಲ್ ಪಟ್ಟಿಯನ್ನು ಹಿಂದೆ ಮುಂದೆ ಹೊರಳಿಸಿತು. "ಆಯಿ, ಚುಕ್ಕಿ ಎಲ್ಲಿ ಹೋದ್ವು?"

ಶೆಟ್ಟೆವ್ವ ಕಲ್ಲಿನ ಕಡೆ ನೋಡಿದಳು. ಹುಡುಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಿತು.

"ತಿಕ್ಕೂಕಿಂತ ಮೊದಲ ಒಂದ ಮಾತ ಕೇಳಬಾರ್ದಾಗಿತ್ತೇನ ಅವ್ವಾ?" ಎಂದಳು ಸರಿತಾ.

"ಕವಡಿ ಅಂದ್ರ ತಿಕ್ಕೂದಲ್ಲೇನವಾ..."

"ನಿನಗ ಕೇಳೂ ರೂಢೀನ ಇಲ್ಲ."

ಇನ್ನೂ ನಾಲ್ಕು ದಿನ ಇರಬೇಕಾದವರು ಮರುದಿನವೇ ಗೋಕಾಕದ ಬಸ್ಸು ಹತ್ತಿದರು.

ಆಮೇಲೆ ಶೆಟ್ಟೆವ್ವ ಸಂತೆಯಲ್ಲಿ ಚುಕ್ಕಿಯ ಕವಡೆ ಹುಡುಕಿದಳು. "ಬೆನ್ನ ಯಾರ ನೋಡ್ತಾರ ಬೇ?" ಎಂದು ಅಂಗಡಿಯವನು ನಕ್ಕ.

ಮೊನ್ನೆ ಕಾಜಲ್ ಫೋನ್ ಮಾಡಿತ್ತು. "ಆಯಿ, ಚುಕ್ಕಿ ಮತ್ತ ಬಂದಾವೇನ?"

"ಇಲ್ಲವಾ. ಒಳಗ ಹುಳ ಇಲ್ಲಲ್ಲ." ಶೆಟ್ಟೆವ್ವ ಕೈಯಲ್ಲಿದ್ದ ಕವಡೆಯನ್ನು ಕೆಳಗಿಟ್ಟಳು. "ನಾ ಅಲ್ಲಿಗಿ ಬರ್ಲೇನು? ನಿಮ್ಮವ್ವನ್ನ ಕೇಳ."

ಆ ಕಡೆ ಪಿಸುಮಾತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಆಮ್ಯಾಲೆ ಹೇಳ್ತಾಳಂತ, ಆಯಿ."

"ಆತವಾ," ಎಂದಳು ಶೆಟ್ಟೆವ್ವ. "ಕೇಳೀನಿ ಅಂತ ಹೇಳ."