ದಾಸವಾಳದ ಗಿಡದ ಬಾಣಂತಿ

ಜಕ್ಕೂರಿನ ಶಾಂತಲಾಳ ಕೈಗೆ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೊ ಲೆನ್ಸ್ ಬಂದದ್ದು ಗಂಡ ಮಹೇಂದ್ರನ ತಪ್ಪಿನಿಂದ. ಮನೆಯ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದ ಅವನು, ಅದರ ಫೋಟೊ ತೆಗೆಯಲೆಂದು ಕ್ಯಾಮೆರಾ ಕೊಳ್ಳುವಾಗ ಅಂಗಡಿಯವನಿಗೆ, "ಟೈಲ್ಸ್ ಸಂದು ಕೂಡ ಕಾಣ್ಬೇಕು ಗುರು" ಎಂದಿದ್ದ. ಅಂಗಡಿಯವನು ಕೊಟ್ಟ ಲೆನ್ಸಿನಲ್ಲಿ ಸಂದು ಕಂಡಿತು, ಇಡೀ ಕಟ್ಟಡ ಚಿತ್ರದೊಳಗೆ ಹಿಡಿಸಲಿಲ್ಲ. ಲೆನ್ಸು ಬೀರು ಸೇರಿತು.

ಯಲಹಂಕದ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿಯಾಗಿದ್ದ ಶಾಂತಲಾ ಒಂದು ಭಾನುವಾರ ಅದನ್ನು ಹೊರತೆಗೆದು, ಮೊಸರಿನ ಪಾತ್ರೆಯ ಮೇಲೆ ಕೂತ ನೊಣದ ಕಣ್ಣು ನೋಡಿದಳು. ಅಂದು ಅಡುಗೆ ತಡವಾಯಿತು. ಮೂರು ವರ್ಷದಲ್ಲಿ ಆಕೆ ಕಲಿತದ್ದಿಷ್ಟು: ಉಸಿರು ಬಿಟ್ಟರೆ ಚಿತ್ರ ಅಲುಗುತ್ತದೆ, ಇರುವೆಯ ಮೂತಿ ಸ್ಪಷ್ಟವಾದರೆ ಬೆನ್ನು ಮಸುಕು, ಹತ್ತಿರ ಹೋದರೆ ಚಿಟ್ಟೆ ಹಾರಿಹೋಗುತ್ತದೆ, ಮಂಡಿನೋವು ಉಳಿಯುತ್ತದೆ.

ಈ ಮಳೆಗಾಲ, ಅವರೂ ವಾಸವಿದ್ದ ಆ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ದಾಸವಾಳದಲ್ಲಿ ಹಸಿರು ಜೇಡವೊಂದು ಮೊಟ್ಟೆಯ ಚೀಲ ತಬ್ಬಿ ಕೂತಿತು. ಪೂಜೆಗೆ ಹೂ ಕೀಳಲು ಬಂದ ಅತ್ತೆ ಲಕ್ಕಮ್ಮನಿಗೆ ಶಾಂತಲಾ, "ಆ ರೆಂಬೆ ಮುಟ್ಬೇಡಿ ಅತ್ತೆ, ಮರಿ ಆಗೋವರ್ಗೂ" ಎಂದಳು.

"ಊಟಕ್ಕೇನ್ ಮಾಡ್ತದೆ?"

"ಪಕ್ಕಕ್ಕೆ ಬಂದಿದ್ದು ಸಿಕ್ಕಿದ್ರೆ ಉಂಟು. ಎದ್ದು ಮಾತ್ರ ಹೋಗಲ್ಲ."

"ನಾನೂ ಇಂಗೇ ಕುಂತಿದ್ದೆ, ಮೂರು ಸಲ. ಯಾರೂ ಪೋಟ ತೆಗೀಲಿಲ್ಲ," ಎಂದು ಲಕ್ಕಮ್ಮ ಬೇರೆ ರೆಂಬೆಗೆ ಕೈಹಾಕಿದರು.

ಹತ್ತೊಂಬತ್ತನೇ ದಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ರವಿಕಿರಣ ಗಿಡಗಳಿಗೆ ಔಷಧಿ ಹೊಡೆಸಲು ಆಳು ಕರೆತಂದ. ಶಾಂತಲಾ ಕಾಲೇಜಿನಲ್ಲಿದ್ದಳು. ಲಕ್ಕಮ್ಮ ಪ್ಲಾಸ್ಟಿಕ್ ಕುರ್ಚಿ ತಂದು ದಾಸವಾಳದ ಮುಂದೆ ಹಾಕಿ ಕೂತರು.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಗಿಡದಲ್ಲಿ ಜೇಡ ಇದೆ ಅಂತ ಕಂಪ್ಲೇಂಟ್ ಬಂದಿದೆ," ಎಂದ ರವಿಕಿರಣ.

"ಐತೆ. ಬಾಣಂತಿ. ಒಡೀಲೇಬೇಕು ಅಂದ್ರೆ ನನ್ ಮ್ಯಾಲೇ ಒಡೀಯಪ್ಪ."

ಆಳು ಪಂಪು ಕೆಳಗಿಟ್ಟು ಬೀಡಿ ಹುಡುಕಿಕೊಂಡ. ರವಿಕಿರಣ ಸಂಘದ ವಾಟ್ಸಾಪ್ ಗುಂಪಿಗೆ, ಗೇಟಿನ ಗಿಡವೊಂದನ್ನು ಬಿಟ್ಟು ಕೆಲಸ ಮುಗಿದಿದೆ ಎಂದು ಬರೆದ. ಲಕ್ಕಮ್ಮ ಮಧ್ಯಾಹ್ನದ ಊಟವನ್ನೂ ಕುರ್ಚಿಯಲ್ಲೇ ಮಾಡಿದರು.

ಅದಾದ ಮೂರನೇ ಬೆಳಿಗ್ಗೆ ಚೀಲ ಹರಿದು ಕಿತ್ತಳೆ ಬಣ್ಣದ ಮರಿಗಳು ಹೊರಬಂದವು. ಗಾಳಿ ಬೀಸುತ್ತಿತ್ತು, ರೆಂಬೆ ಒಂದು ಕಡೆ, ಫೋಕಸ್ ಒಂದು ಕಡೆ. ಲಕ್ಕಮ್ಮ ಕೊಡೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದರು. ಸೊಸೆ ಉಸಿರು ಬಿಗಿಹಿಡಿದಾಗಲೆಲ್ಲ ತಾವೂ ಹಿಡಿದರು. ನಲವತ್ತು ನಿಮಿಷ, ಮುನ್ನೂರ ಹನ್ನೆರಡು ಚಿತ್ರ. ಒಂದೇ ಒಂದರಲ್ಲಿ ತಾಯಿಯ ಕಣ್ಣುಗಳೂ, ಅದರ ಕಾಲೇರಿದ ಮರಿಯೂ ಸ್ಪಷ್ಟವಾಗಿ ಸಿಕ್ಕಿದವು. ಶಾಂತಲಾ ಒದ್ದೆ ನೆಲದಲ್ಲೇ ಕೂತು ಅತ್ತಳು.

"ಸರಿಯಾಗಿ ಬರ್ಲಿಲ್ವಾ?" ಎಂದರು ಲಕ್ಕಮ್ಮ.

"ಬಂತು ಅತ್ತೆ."

ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದರು. ಮಹೇಂದ್ರ ಬಹಳ ಹೊತ್ತು ನೋಡಿ, "ಹಿಂದೆ ಮಸುಕಾಗಿರೋದು ನಮ್ ಕಾಂಪೌಂಡಾ? ಬಣ್ಣ ಹೋಗಿದೆಯಲ್ಲ" ಎಂದ. ಮರುವಾರ ಪೇಂಟರ್ ಬಂದ. ಅಷ್ಟರಲ್ಲಿ ಮರಿಗಳು ನೂಲು ಬಿಟ್ಟು, ಗಾಳಿ ಹಿಡಿದು ಹೊರಟುಹೋಗಿದ್ದವು.