ನೀಲವ್ವತ್ತೆಯ ಹಾಡಿಗೊಂದು ಸಿಡಿ ಪ್ಲೇಯರ್

ಬಹಳ ದಿನ ಸುಮ್ಮನಿದ್ದ ಆಂಪ್ಲಿಫೈಯರ್ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಒಳಗಿನ ಧೂಳು ಬಿಸಿಯಾಗಿ, ಹಂಚಿನ ಮೇಲೆ ಹಿಟ್ಟು ಸೀದಂಥ ವಾಸನೆ. ನಿಮ್ಮ ಮನೆಯಲ್ಲೂ ಅಂಥದೊಂದು ಹಳೆಯ ಪೆಟ್ಟಿಗೆ ಇದ್ದರೆ ನಾನು ಹೇಳುವುದು ತಿಳಿದೀತು. ಇವತ್ತು ಬೆಳಿಗ್ಗೆ ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಆ ವಾಸನೆ ಎದ್ದಾಗ, ಮಗಳ ಮದುವೆಯ ಮುಂಚಿನ ದಿನಗಳು ನೆನಪಾದವು. ಮನೆಯವರೆಲ್ಲ ಸೀರೆ, ಅಡಿಗೆಯವರು, ಪೆಂಡಾಲು ಎಂದು ಓಡಾಡುತ್ತಿದ್ದರೆ, ಹೆಣ್ಣಿನ ತಂದೆಯಾದ ನಾನು ಅಗ್ಗದ ಸಿಡಿ ಪ್ಲೇಯರ್ ಹುಡುಕುತ್ತ ತಿರುಗುತ್ತಿದ್ದೆ.

ಕಾರಣ ನೀಲವ್ವತ್ತೆ. ಅಪ್ಪನ ಅಕ್ಕ, ರಾಮದುರ್ಗದ ಕಡೆಯ ಸಾಲಹಳ್ಳಿಗೆ ಮದುವೆಯಾಗಿ ಹೋದವಳು. ನಮ್ಮ ಬಳಗದಲ್ಲಿ ಯಾರಿಗೇ ಅರಿಷಿಣ ಹಚ್ಚಲಿ, ಸೋಬಾನೆ ಹಾಡು ಅವಳದೇ. ಕರೆದರೂ ಬರುತ್ತಿದ್ದಳು, ಕರೆಯದಿದ್ದರೆ ಬೈಯುತ್ತ ಬರುತ್ತಿದ್ದಳು. ಮಗಳ ಮದುವೆ ಗೊತ್ತಾಗುವ ಹಿಂದಿನ ವರ್ಷ ತೀರಿಕೊಂಡಳು.

“ಅಪ್ಪಾ, ನೀಲಜ್ಜಿ ಹಾಡಿಲ್ಲದ ನನಗ ಅರಿಷಿಣ ಹಚ್ಚಬ್ಯಾಡ್ರಿ” ಎಂದಳು ಮಗಳು. ಹಟದ ಮಾತಾಗಿರಲಿಲ್ಲ, ಮೆಲ್ಲಗೆ ಹೇಳಿದಳು. ಹಟವಾಗಿದ್ದರೆ ಬೈದು ಮುಗಿಸಬಹುದಿತ್ತು.

ಹಾಡು ಇತ್ತು. ಸಿಡಿಯ ಭರಾಟೆ ಜೋರಾಗಿದ್ದ ಕಾಲದಲ್ಲಿ ಅತ್ತೆಯನ್ನು ರಾಮದುರ್ಗದ ಒಂದು ರೆಕಾರ್ಡಿಂಗ್ ಕೋಣೆಗೆ ಕರೆದೊಯ್ದು ಹತ್ತು ಹಾಡು ತುಂಬಿಸಿದ್ದೆ. ನಿಜ ಹೇಳಬೇಕೆಂದರೆ, ಅದನ್ನು ಒಮ್ಮೆಯೂ ಹಾಕಿ ಕೇಳಿರಲಿಲ್ಲ. ಹಾಡುವವಳೇ ಅಡಿಗೆಮನೆಯಲ್ಲಿ ಕೂತು ಮೆಂತ್ಯೆ ಸೋಸುತ್ತಿರುವಾಗ ಸಿಡಿ ಯಾರು ಹಾಕುತ್ತಾರೆ ಹೇಳಿ? ಈಗ ಹಾಕೋಣವೆಂದರೆ ನಮ್ಮ ಸ್ಟೀರಿಯೊದ ಸಿಡಿ ಪ್ಲೇಯರ್ ಎಂದೋ ಕೆಟ್ಟಿತ್ತು. ಆಂಪ್ಲಿಫೈಯರ್ ಮತ್ತು ಸ್ಪೀಕರುಗಳಷ್ಟೇ ಗಟ್ಟಿ. ಫೋನಿಗೆ ಹಾಕಿಸಿರಿ ಎಂದರು ಹಲವರು. ಇರುವುದು ಒಂದೇ ಸಿಡಿ, ಕಂಡವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಹೊಸ ಸಿಡಿ ಪ್ಲೇಯರಿನ ದರ ಕೇಳಿ ಸುಮ್ಮನಾದೆ. ಡಿವಿಡಿ ಪ್ಲೇಯರ್ ಅಗ್ಗ, ಸಿಡಿಯನ್ನೂ ಓದುತ್ತದೆ, ಆದರೆ ಎಷ್ಟನೆಯ ಹಾಡು ಎಂದು ನೋಡಲು ಜೊತೆಗೆ ಟಿವಿ ಹಚ್ಚಬೇಕು. ಉಳಿದದ್ದು ಹಳೆಯ ಮಾಲು. ಯರಗಟ್ಟಿಯಲ್ಲಿ ರೇಡಿಯೊ ರಿಪೇರಿ ಮಾಡುವ ಇಮಾಮಸಾಬರು ತಾವು ದುರಸ್ತಿ ಮಾಡಿದ ಮೂರು ಪ್ಲೇಯರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

ಮೊದಲನೆಯದಕ್ಕೆ ಸಿಡಿ ಹಾಕಿದೆವು. ಅತ್ತೆಯ ದನಿ ಎದ್ದಿತು. ಒಂದು ಸಾಲು ಹಾಡಿ ದನಿ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು. ಮತ್ತೆ ನಿಂತಿತು.

“ಸಾಹೇಬ್ರ, ಇದು ತಡದ್ ತಡದ್ ಹಾಡಾಕ ಹತ್ತೈತಿ.”

“ನಿನ್ನೇನ ಲೆನ್ಸ್ ಒರಸೇನ್ರಿ ಅಣ್ಣಾರ.”

ಎರಡನೆಯದರಲ್ಲೂ ಅದೇ ಕಥೆ. ಇಮಾಮಸಾಬರು ಪ್ಲೇಯರಿನ ಮುಖದ ಮೇಲಿನ ಅಂಕಿಗಳತ್ತ ಬೆರಳು ಮಾಡಿದರು. “ಸೆಕೆಂಡ್ ಓಡಾಕ ಹತ್ಯಾವಲ್ರಿ! ಪ್ಲೇಯರ್ ನಿಂತಿದ್ರ ಅಂಕಿನೂ ನಿಲ್ಲಬೇಕಲ್ಲ?”

“ನಾ ಏನ್ ಅಂಕಿ ಕೇಳಾಕ ಬಂದೇನೇನ್ರಿ?”

ಮೂರನೆಯದೂ ಹಾಗೇ ಮಾಡಿದಾಗ ಅವರ ತಾಳ್ಮೆ ಮುಗಿಯಿತು. “ಮೂರೂ ಒಂದ ಜಾಗಾದಾಗ ನಿಲ್ಲತಾವಂದ್ರ, ಮೂರೂ ಮಾತಾಡಿಕೊಂಡಾವೇನ್ರಿ? ನಿಮ್ಮ ಸಿಡಿನ ಹಾಳಾಗೇತಿ ನೋಡ್ರಿ.”

ಪ್ಲೇಯರ್ ಇನ್ನೊಂದು ಸಿಕ್ಕೀತು, ಅತ್ತೆ ಎಲ್ಲಿ ಸಿಗಬೇಕು? ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. “ಮೂರೂ ಒಯ್ರಿ. ನಿಮ್ಮ ಸ್ಟೀರಿಯೊಕ್ಕ ಹಚ್ಚಿ ನೋಡ್ರಿ. ಬ್ಯಾಡಾದ್ದು ವಾಪಸ್ ತರ್ರಿ” ಎಂದರು. ಗೋಣಿಚೀಲದಲ್ಲಿ ಮೂರು ಪ್ಲೇಯರ್ ತುಂಬಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಕೆಂಪು ಬಿಳಿ ವೈರು ಸಿಗಿಸಿ ಹಚ್ಚಿದರೆ ಅದೇ ಹಾಡು, ಅದೇ ನಿಲುಗಡೆ. ತಲೆಯ ಮೇಲೆ ಕೈ ಹೊತ್ತು ಕೂತೆ. “ಹಾಳಾತು. ಇನ್ನ ಮಗಳಿಗೆ ಏನ್ ಹೇಳ್ಲಿ?”

ಹಿಂದೆ ಕೂತು ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿ ಮೊರದಿಂದ ಕಣ್ಣು ಎತ್ತಲಿಲ್ಲ. ಅತ್ತೆಯ ದನಿ ನಿಂತ ಕೂಡಲೇ ಅದೇ ಸಾಲನ್ನು ತಾನು ಹಾಡಿದಳು. ಇವಳು ಮುಗಿಸುವುದಕ್ಕೂ ಅತ್ತೆ ಮುಂದಿನ ಸಾಲು ಎತ್ತುವುದಕ್ಕೂ ಸರಿಹೋಯಿತು.

“ಏನೂ ಕೆಟ್ಟಿಲ್ರಿ” ಅಂದಳು. “ತಾ ಒಂದು ಸೊಲ್ಲು ಹೇಳಿ ನಮಗಂತ ಜಾಗಾ ಬಿಟ್ಟಾಳ. ಸೋಬಾನ ಯಾವಾಕಿರ ಒಬ್ಬಾಕೀನ ಹಾಡ್ತಾಳೇನ್ರಿ? ರೆಕಾರ್ಡ್ ಮಾಡುಮುಂದ ನೀವ ಇದ್ರಿ, ಗೊತ್ತಾಗ್ಲಿಲ್ಲೇನು?”

ಇದ್ದೆ, ಹೊರಗೆ. ಚಹಾ ಕುಡಿಯುತ್ತಿದ್ದೆ. ಎರಡನೆಯ ಚಹಾದ ಹೊತ್ತಿಗೆ ರೆಕಾರ್ಡಿಂಗ್ ಮಾಡುವವನು ಹೊರಬಂದು, “ನಿಮ್ಮ ಅತ್ತಿ ನಡುವ ನಡುವ ಸುಮ್ಮ ನಿಲ್ತಾರಲ್ರಿ” ಎಂದಿದ್ದ. “ವಯಸ್ಸಾಗೇತಿ, ದಮ್ ತಗೋತಾಳ, ನಡೀಲಿ” ಎಂದು ಹೇಳಿ ಕಳಿಸಿದ್ದೆ. ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಅತ್ತೆ, ಅಲ್ಲಿ ಇಲ್ಲದ ಹೆಣ್ಣುಮಕ್ಕಳಿಗಾಗಿ ಸಾಲುಸಾಲಿಗೂ ಕಾಯ್ದಿದ್ದಳು.

ಆಮೇಲೆ ಆಯ್ಕೆ ಸುಲಭವಾಯಿತು. ಅರಿಷಿಣದ ದಿನ ಹತ್ತು ಹೆಂಗಸರು ನಗುತ್ತ, ಎಳೆಯುತ್ತ ಹಾಡಿದರೆ ಅತ್ತೆ ಬಿಟ್ಟ ಜಾಗ ಸಾಲುವುದಿಲ್ಲ. ಅಲ್ಲಿ ಸಿಡಿಯನ್ನು ತಡೆದು ಹಿಡಿಯಬೇಕು. ಒಂದು ಪ್ಲೇಯರಿನ ಪಾಜ್ ಬಟನ್ ರಿಮೋಟಿನಲ್ಲಷ್ಟೇ ಇತ್ತು, ರಿಮೋಟ್ ಇರಲಿಲ್ಲ. ಇನ್ನೊಂದು, ಪಾಜ್ ಬಿಡಿಸಿದರೆ ಹಾಡಿನ ಮೊದಲಿಗೇ ಓಡುತ್ತಿತ್ತು. ಮೂರನೆಯದರ ಒಂದು ಕಾಲು ಮುರಿದಿತ್ತು, ಮೈಯೆಲ್ಲ ಗೀರು. ಆದರೆ ಒತ್ತಿದಲ್ಲಿ ನಿಂತು, ಮತ್ತೆ ಒತ್ತಿದರೆ ನಿಂತಲ್ಲಿಂದಲೇ ಹೊರಡುತ್ತಿತ್ತು. ಅದನ್ನೇ ಇಟ್ಟುಕೊಂಡೆ.

“ಅಂತೂ ಒಂದರ ಚಲೋ ಬಂತಲ್ರಿ” ಎಂದರು ಇಮಾಮಸಾಬರು, ಉಳಿದೆರಡನ್ನು ವಾಪಸ್ ಒಯ್ದಾಗ.

“ಮೂರೂ ಚಲೋ ಅದಾವ್ರಿ. ಕೆಟ್ಟಂವ ನಾ ಇದ್ದೆ.”

ಅರಿಷಿಣದ ದಿನ ಪ್ಲೇಯರಿನ ಮೇಲೆ ಬೆರಳಿಟ್ಟು ಕೂತೆ. ಅತ್ತೆ ಒಂದು ಸೊಲ್ಲು, ಹೆಂಗಸರು ಒಂದು ಸೊಲ್ಲು. ಅವರು ಮುಗಿಸುವತನಕ ನಾನು ಅತ್ತೆಯನ್ನು ತಡೆದು ಹಿಡಿಯುತ್ತಿದ್ದೆ. ಸವದತ್ತಿಯಿಂದ ಬಂದಿದ್ದ ಅತ್ತೆಯ ವಾರಿಗೆಯ ಗೆಳತಿ ಗಂಗವ್ವ, ಪ್ರತಿ ಮದುವೆಯಲ್ಲೂ ಅವಳ ಜೋಡಿ ಹಾಡಿ ಜಗಳಾಡಿದವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಬದುಕಿದ್ದಾಗ ಈಕಿ ನಮಗ ಹಿಂಗ ಎಂದೂ ಕಾಯ್ದಾಕಿ ಅಲ್ಲ ಬಿಡ್ರೇ!” ಎಂದಳು. ಅರಿಷಿಣದ ಮುಖದಲ್ಲಿ ಮಗಳು ಗೊಳ್ಳೆಂದು ನಕ್ಕಳು.

ಈಗ ಮಗಳು ಗಂಡನ ಮನೆಯಲ್ಲಿದ್ದಾಳೆ. ಹೆಂಡತಿ ನಿನ್ನೆ ಕಿತ್ತೂರಿಗೆ ತಂಗಿಯ ಮನೆಗೆ ಹೋದಳು. ಇವತ್ತು ಒಬ್ಬನೇ ಸಿಡಿ ಹಾಕಿದೆ. ಮೊದಲ ಸೊಲ್ಲು ಮುಗಿದು ಅತ್ತೆ ಸುಮ್ಮನಾದಳು. ಗಂಡಸರು ಹಾಡುವ ಹಾಡಲ್ಲ ಅದು. ಪಾಜ್ ಒತ್ತಿ, ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದು, ನಾನೇ ಹಾಡಿದೆ.